ಗಾಡಿಯ ತಾಕತ್ತು, ದಾರಿಯ ತಾಳಿಕೆ



ಕಳೆದ ಮುಂಗಾರಿನ ಮೊದಲ ಮಳೆ ಬಿದ್ದ ವಾರ ನಮ್ಮ ಬಳಗದ ನಾಲ್ಕೈದು ಮಂದಿ ಮಾಕಳಿದುರ್ಗದ ಆಸುಪಾಸಿನ ಒಂದು ಗೋಮಾಳದಲ್ಲಿ ನಡೆಯುತ್ತಿದ್ದೆವು. ಬಂದರೆ, ತಂಗಡಿ, ಈಚಲು ಬೆಳೆದ ಇಳಿಜಾರು. ನಾವು ಹಿಡಿದಿದ್ದ ಕಾಲುದಾರಿ ಒಂದು ತಿರುವಿನ ಬಳಿ ಒಮ್ಮೆಲೆ ಎರಡು ಸಮಾನಾಂತರ ಕೊರಕಲುಗಳಾಗಿ ಸೀಳಿಹೋಗಿತ್ತು. ಕೊರಕಲಿನ ತಳದಲ್ಲಿ ಕೆಂಪುಮಣ್ಣು ತೊಳೆದುಹೋಗಿ ಕಲ್ಲಿನ ಹರಳು ಮೇಲೆದ್ದಿದ್ದವು. ಅಲ್ಲಿಯೇ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರನ್ನು ವಿಚಾರಿಸಿದೆವು. ‘ಇದು ನಮ್ಮ ಕುರಿ ಹೋಗೋ ದಾರಿ ಸ್ವಾಮಿ. ಹೋದ ವರ್ಷ ಒಂದಡಿ ಅಗಲ ಇತ್ತು. ಭಾನುವಾರ ಭಾನುವಾರ ದಪ್ಪ ಚಕ್ರದ ಗಾಡಿಗಳು ಬಂದು ಹತ್ತಿಳಿದ ಮೇಲೆ ನೀರು ಹೋಗೋ ದಾರಿ ಆಗ್ಬಿಟ್ಟಿದೆ. ಕುರಿಗಳು ಪಕ್ಕದಾಗೆ ಬೇರೆ ದಾರಿ ಮಾಡ್ಕೊಂಡವೆ’ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಕುರಿಗಳು ಬೇರೆ ದಾರಿ ಮಾಡಿಕೊಂಡದ್ದನ್ನು ಹೇಳುವಾಗ ಸ್ವಲ್ಪ ಹೆಮ್ಮೆಯೇ ಇದ್ದಂತಿತ್ತು.

ಆ ದಿನ ನಮ್ಮೊಡನಿದ್ದ ತರುಣ ಸದಸ್ಯರೊಬ್ಬರು ಯಂತ್ರಗಳ ವಿಷಯ ಬಲ್ಲವರು. ಮುಂದಿನ ಸಭೆಗೆ ಅವರು ಒಂದು ಕಟ್ಟು ಕಾಗದ ತಂದರು. ಆಲ್ ಟೆರೇನ್ ವೆಹಿಕಲ್, ಅಂದರೆ ಎಂಥ ನೆಲದ ಮೇಲಾದರೂ ಓಡಬಲ್ಲದೆಂದು ಹೇಳಿಕೊಳ್ಳುವ ಗಾಡಿಗಳಲ್ಲಿ, ಹೊಲಗದ್ದೆಯ ಕೆಲಸಕ್ಕೆಂದು ಮಾಡಿದ ದೊಡ್ಡ ಮಾದರಿಗಳನ್ನು ವೇಗದಲ್ಲಿ ಯಾವುದು ಮುಂದು, ಕಾಡುದಾರಿಯಲ್ಲಿ ಯಾವುದು ಗಟ್ಟಿ ಎಂದು ಪರಸ್ಪರ ಹೋಲಿಸಿದ ಬರಹಗಳವು. ಪರಿಸರದ ಪತ್ರಿಕೆಯಲ್ಲಿ ಇಂಥ ವಿಷಯವೇಕೆಂದು ಕೆಲವರಿಗೆ ಅನ್ನಿಸಬಹುದು. ಆದರೆ ನಮ್ಮ ಬೆಟ್ಟಗಳಿಗೆ ಬಂದಿರುವ ಅತಿಥಿ ಯಾರೆಂದು ತಿಳಿಯದೆ ಅವನನ್ನು ಬೈಯುವುದು ಸರಿಯಲ್ಲವೆಂದು ಭಾವಿಸಿ ಅವನ್ನು ಶ್ರದ್ಧೆಯಿಂದಲೇ ಓದಿದೆವು. ಓದಿದ ಮೇಲೆ ಹೊಳೆದದ್ದನ್ನು ಈ ಸಂಚಿಕೆಯಲ್ಲಿ ತಮ್ಮ ಮುಂದಿಡುತ್ತಿದ್ದೇವೆ.

ಈ ಗಾಡಿಯ ಕುಲಗೋತ್ರ ಬಹಳ ಹಿಂದಿನದಲ್ಲ. 1970ರಲ್ಲಿ ಜಪಾನಿನ ಹೋಂಡಾ ಸಂಸ್ಥೆ ಅಮೆರಿಕದ ಮಾರುಕಟ್ಟೆಗೆ ಬಲೂನಿನಂತೆ ಉಬ್ಬಿದ ಮೂರು ಟೈರುಗಳ ಪುಟ್ಟ ಗಾಡಿಯೊಂದನ್ನು ಬಿಟ್ಟಿತು. ಅದು ಮೊದಲು ಮೋಜಿನ ವಸ್ತುವಾಗಿತ್ತು. ಬೇಲಿ ನೋಡಿಕೊಂಡು ಬರಲು, ಹುಲ್ಲಿನ ಹೊರೆ ಎಳೆಯಲು ಅಲ್ಲಿನ ರೈತರು ಅದನ್ನು ಬಳಸತೊಡಗಿದ ಮೇಲೆ ಕೆಲಸದ ಗಾಡಿಯಾಯಿತು. ಮೂರು ಚಕ್ರದ ಗಾಡಿ ತಿರುವಿನಲ್ಲಿ ಮಗುಚಿ ಜನ, ಅದರಲ್ಲೂ ಮಕ್ಕಳು, ಸತ್ತದ್ದು ಹೆಚ್ಚಾದಾಗ, ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗಕ್ಕೂ ತಯಾರಕರಿಗೂ ನಡುವೆ 1988ರಲ್ಲಿ ನ್ಯಾಯಾಲಯದ ಮೂಲಕ ಒಪ್ಪಂದವಾಗಿ ಅದರ ಮಾರಾಟ ನಿಂತಿತು. ಅಷ್ಟರಲ್ಲಾಗಲೇ ನಾಲ್ಕು ಚಕ್ರದ ಗಾಡಿ ಬಂದಿತ್ತು. ಇಂದು ನಾವು ಕಾಣುವುದು ಅದರ ಮರಿಮಕ್ಕಳನ್ನು.

ಭಾರತಕ್ಕೆ ಇವು ದೊಡ್ಡ ಪ್ರಮಾಣದಲ್ಲಿ ಬಂದದ್ದು ಅಮೆರಿಕದ ಪೊಲಾರಿಸ್ ಸಂಸ್ಥೆ 2011ರಲ್ಲಿ ಇಲ್ಲಿ ಅಂಗಡಿ ತೆರೆದ ಮೇಲೆ. ರಸ್ತೆಗೆ ನೋಂದಣಿಯಿಲ್ಲದ ಗಾಡಿಯನ್ನು ಮಾರುವುದು ಹೇಗೆಂಬ ಪ್ರಶ್ನೆಗೆ ಉತ್ತರ ನಮ್ಮ ಕಾನೂನಿನಲ್ಲಿಯೇ ಇದೆ. 1988ರ ಮೋಟಾರು ವಾಹನ ಕಾಯಿದೆಯ 2ನೆಯ ಪ್ರಕರಣದ 28ನೆಯ ಉಪಪ್ರಕರಣ, ಕಾರ್ಖಾನೆಯಲ್ಲಿ ಅಥವಾ ಬೇರೆ ಯಾವುದೇ ಆವರಣದೊಳಗೆ ಮಾತ್ರ ಬಳಸಲು ಹೊಂದಿಸಿದ ವಿಶೇಷ ಬಗೆಯ ಗಾಡಿಯನ್ನು ಮೋಟಾರು ವಾಹನವೆಂದೇ ಪರಿಗಣಿಸುವುದಿಲ್ಲ. ಆವರಣದೊಳಗಿದ್ದರೆ ಸಂಖ್ಯಾಫಲಕ ಬೇಡ, ವಿಮೆ ಬೇಡ. 2021ರಲ್ಲಿ ಇದೇ ಸಂಸ್ಥೆ ತನ್ನ ಸ್ಪೋರ್ಟ್ಸ್‌ಮನ್ 570 ಮಾದರಿಯನ್ನು ಟ್ರ್ಯಾಕ್ಟರ್ ವರ್ಗದಡಿ ರಸ್ತೆಗಿಳಿಯಬಲ್ಲ ರೂಪದಲ್ಲಿಯೂ ಬಿಡುಗಡೆ ಮಾಡಿತು. ಮಿಕ್ಕ ಗಾಡಿಗಳ ಪಾಲಿಗೆ ‘ಆವರಣ’ ಎಂಬ ಮಾತೇ ಆಧಾರ. ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಸುತ್ತ ರೆಸಾರ್ಟುಗಳ ಬೇಲಿ ಎಲ್ಲಿ ಮುಗಿಯುತ್ತದೆ, ಗೋಮಾಳ ಎಲ್ಲಿ ಆರಂಭವಾಗುತ್ತದೆ ಎಂಬುದು ನಕಾಶೆ ಬಿಚ್ಚಿದವರಿಗೆ ಮಾತ್ರ ಗೊತ್ತು. ಗಾಲಿಗಳಿಗಂತೂ ಗೊತ್ತಿಲ್ಲ.

ಇನ್ನು ಹೋಲಿಕೆಯ ಮಾತು. ಹೋಂಡಾ ರಿಂಕನ್‌ನದು 675 ಸಿ.ಸಿ. ಎಂಜಿನ್, ಯಮಹಾ ಗ್ರಿಜ್ಲಿಯದು 686, ಕವಾಸಾಕಿ ಬ್ರೂಟ್ ಫೋರ್ಸ್‌ನದು 749. ಸುಜುಕಿ ಕಿಂಗ್‌ಕ್ವಾಡ್ ತನ್ನನ್ನು 750 ಎಂದು ಕರೆದುಕೊಂಡರೂ ಇರುವುದು 722 ಸಿ.ಸಿ. ಮಾತ್ರ. ಜಾಹೀರಾತಿನಲ್ಲಿ 28 ಸಿ.ಸಿ.ಗಳ ಉದಾರತೆಯನ್ನು ಕ್ಷಮಿಸಬಹುದು. ಇವೆಲ್ಲಕ್ಕೂ ಮೇಲೆ ಪೊಲಾರಿಸ್ ಸ್ಪೋರ್ಟ್ಸ್‌ಮನ್ ಎಕ್ಸ್‌ಪಿ 1000 ಮತ್ತು ಕ್ಯಾನ್-ಆಮ್ ಔಟ್‌ಲ್ಯಾಂಡರ್ 1000 ಇವೆ. ಮೊದಲನೆಯದಕ್ಕೆ 952, ಎರಡನೆಯದಕ್ಕೆ 976 ಸಿ.ಸಿ.; ಎರಡೂ ಸುಮಾರು 90 ಅಶ್ವಶಕ್ತಿಯ ಆಸುಪಾಸಿನವು. ನಮ್ಮ ಹಳ್ಳಿಗಳಲ್ಲಿ ಉಳುವ, ಒಕ್ಕುವ, ಇಟ್ಟಿಗೆ ಸಾಗಿಸುವ ಸಾಮಾನ್ಯ ಟ್ರ್ಯಾಕ್ಟರಿನದು 35ರಿಂದ 50 ಅಶ್ವಶಕ್ತಿ. ಅದರ ಸುಮಾರು ಎರಡರಷ್ಟು ಬಲವನ್ನು ಅದರ ಐದನೆಯ ಒಂದು ಪಾಲು ತೂಕದ ಗಾಡಿಯೊಂದರಲ್ಲಿ ತುರುಕಿದರೆ ಏನಾಗುತ್ತದೋ ಅದೇ ಆಗಿದೆ: ಈ ದೊಡ್ಡ ಗಾಡಿಗಳು ಗಂಟೆಗೆ 100 ಕಿ.ಮೀ. ವೇಗವನ್ನು ನಿರಾಯಾಸವಾಗಿ ದಾಟುತ್ತವೆ.

ಕಾಡುದಾರಿಯ ಸಾಮರ್ಥ್ಯವೆಂಬುದು ಬೇರೆಯೇ ಗುಣ. ಗಾಡಿಯ ಹೊಟ್ಟೆಗೂ ನೆಲಕ್ಕೂ ಎಷ್ಟು ಅಂತರವಿದೆ (ಈ ಗಾಡಿಗಳಲ್ಲಿ ಹತ್ತರಿಂದ ಹನ್ನೆರಡು ಅಂಗುಲ), ಒಂದು ಚಕ್ರ ಬಂಡೆಯನ್ನೇರಿದಾಗ ಮಿಕ್ಕ ಮೂರು ನೆಲ ಬಿಡದಂತೆ ಸಸ್ಪೆನ್ಷನ್ ಎಷ್ಟು ಬಾಗುತ್ತದೆ, ನಾಲ್ಕೂ ಗಾಲಿಗೆ ಬಲ ಹಂಚುತ್ತದೆಯೋ ಇಲ್ಲವೋ, ಕಡಿದಾದ ಇಳಿಜಾರಿನಲ್ಲಿ ಬ್ರೇಕನ್ನು ಒತ್ತದೆಯೇ ಎಂಜಿನ್ನಿನ ಹಿಡಿತದಿಂದ ನಿಧಾನವಾಗಿ ಇಳಿಸುತ್ತದೆಯೋ ಎಂಬುದನ್ನೆಲ್ಲ ಇಲ್ಲಿ ನೋಡುತ್ತಾರೆ. ಇವುಗಳಲ್ಲಿ ಬಹುತೇಕ ಗಾಡಿಗಳಿಗೆ ಗೇರಿನ ಬದಲು ರಬ್ಬರಿನ ಪಟ್ಟಿ ಇರುತ್ತದೆ. ನಮ್ಮ ಸ್ಕೂಟರುಗಳಲ್ಲಿರುವಂಥದೇ, ಹೆಚ್ಚು ದಪ್ಪನೆಯದು. ಮೇಲಿನ ಗೇರಿನಲ್ಲಿಟ್ಟು ತೆವಳುತ್ತ ಬೆಟ್ಟ ಹತ್ತಿಸಿದರೆ ಆ ಪಟ್ಟಿ ಜಾರಿ, ಕಾದು, ಸುಟ್ಟುಹೋಗುತ್ತದೆ. ನೀರು ಹೊಕ್ಕರೂ ಜಾರುತ್ತದೆ. ರಿಂಕನ್ ಮಾತ್ರ ಪಟ್ಟಿಯನ್ನು ಬಿಟ್ಟು ಹಲ್ಲಿನ ಗೇರುಗಳನ್ನೇ ನೆಚ್ಚಿಕೊಂಡ ಹಳೆಯ ಕಾಲದ ಪ್ರಾಣಿ. ತಿಳಿದವರು ಕೊಡುವ ಸಲಹೆಯೆಂದರೆ, ಏರುವಾಗ ಕೆಳಗಿನ ಗೇರು, ಕಡಿಮೆ ವೇಗ. ಅಂದರೆ ಕಲ್ಲಿನ ಇಳಿಜಾರಿನಲ್ಲಿ 567 ಸಿ.ಸಿ. ಗಾಡಿಯೂ 976 ಸಿ.ಸಿ. ಗಾಡಿಯೂ ನಡೆಯುವುದು ಹೆಚ್ಚುಕಡಿಮೆ ಒಂದೇ ವೇಗದಲ್ಲಿ, ಗಂಟೆಗೆ ಹತ್ತು ಹದಿನೈದು ಕಿ.ಮೀ. ಅಷ್ಟೆ. ಮೇಲಿನ 90 ಕಿ.ಮೀ. ವೇಗಕ್ಕೆ ಬೆಟ್ಟದಲ್ಲಿ ಕೆಲಸವೇ ಇಲ್ಲ.

ಹಾಗಾದರೆ ಆ ವೇಗಕ್ಕೆ ಕೆಲಸವೆಲ್ಲಿ? ಈ ಪ್ರಶ್ನೆಯನ್ನು ನಮ್ಮ ಜಿಲ್ಲೆಯ ನೆಲದ ಮೇಲಿಟ್ಟು ನೋಡಿದಾಗ ಉತ್ತರ ನಮ್ಮನ್ನು ಬೆಚ್ಚಿಸಿತು. ವೇಗಕ್ಕೆ ಬೇಕಾದದ್ದು ತೆರೆದ, ಸಮತಟ್ಟಾದ, ಮರವಿಲ್ಲದ ವಿಸ್ತಾರ. ಉತ್ತ ಹೊಲದಲ್ಲಿ ಯಾರೂ ಬಿಡುವುದಿಲ್ಲ. ದ್ರಾಕ್ಷಿ ತೋಟದಲ್ಲಿ, ಹಿಪ್ಪುನೇರಳೆ ತೋಟದಲ್ಲಿ ಜಾಗವಿಲ್ಲ. ಉಳಿದದ್ದು ಬತ್ತಿದ ಕೆರೆಯಂಗಳ, ಗೋಮಾಳ ಮತ್ತು ಹುಲ್ಲುಗಾವಲು. ಏರುವ ಸಾಮರ್ಥ್ಯಕ್ಕೆ ಬೇಕಾದದ್ದು ಬೆಟ್ಟ. ಹೀಗೆ ಒಂದೇ ಗಾಡಿಯ ಎರಡು ಹೆಗ್ಗಳಿಕೆಗಳು ನಮ್ಮ ಎರಡು ಬಗೆಯ ಸಾಮಾನ್ಯ ಭೂಮಿಯನ್ನು ಬೇಡುತ್ತವೆ. ವೇಗ ಹುಲ್ಲನ್ನು ಬೇಡುತ್ತದೆ, ತಾಕತ್ತು ಬಂಡೆಯನ್ನು ಬೇಡುತ್ತದೆ. ಎರಡಕ್ಕೂ ಕಾವಲುಗಾರರಿಲ್ಲ.

ಹುಲ್ಲಿನ ಕಥೆಗೆ ಹೆಸರಘಟ್ಟಕ್ಕಿಂತ ಬೇರೆ ಉದಾಹರಣೆ ಬೇಡ. ಆಡಳಿತದ ಲೆಕ್ಕದಲ್ಲಿ ಅದು ನಗರ ಜಿಲ್ಲೆಗೆ ಸೇರಿದರೂ ನೆಲಮಂಗಲ, ದೊಡ್ಡಬಳ್ಳಾಪುರಗಳ ಹೊಸ್ತಿಲಲ್ಲೇ ಇದೆ. 1894ರಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಅರ್ಕಾವತಿಗೆ ಅಲ್ಲಿ ಕಟ್ಟಿದ ಕೆರೆಯಿಂದಲೇ ಬೆಂಗಳೂರಿಗೆ ಕೊಳವೆಯ ನೀರು ಬರತೊಡಗಿದ್ದು. ಕೆರೆ ಬತ್ತಿದ ವರ್ಷಗಳಲ್ಲಿ ಅದರ ಅಂಗಳವೂ ಪಕ್ಕದ ಹುಲ್ಲುಗಾವಲೂ ಮೋಟಾರು ಗಾಡಿಗಳ ಆಟದ ಬಯಲಾದವು. ಚಿತ್ರೀಕರಣದ ಟ್ರಕ್ಕು, ಜೀಪು, ದಪ್ಪ ಚಕ್ರದ ಬೈಕು ಎಲ್ಲವೂ ಅಲ್ಲಿ ಹರಿದಾಡಿದವು. ಆ ಹುಲ್ಲಿನಲ್ಲಿ ನೆಲಗುಬ್ಬಿ, ಬುರಲೆ, ಟಿಟ್ಟಿಭಗಳು ಗೂಡು ಕಟ್ಟುವುದು ಮರದ ಮೇಲಲ್ಲ, ನೆಲದ ಮೇಲೆ. ಟಿಟ್ಟಿಭದ್ದಂತೂ ಗೂಡೆಂದು ಹೇಳುವಂಥದೂ ಅಲ್ಲ. ಬೆಣಚುಕಲ್ಲಿನ ನಡುವೆ ಒಂದು ಸಣ್ಣ ತಗ್ಗು, ಅದರಲ್ಲಿ ಮಣ್ಣಿನ ಬಣ್ಣದ ನಾಲ್ಕು ಮೊಟ್ಟೆ. ನಡೆದುಹೋಗುವವನು ತಾಯಿಹಕ್ಕಿಯ ಕೂಗನ್ನು ಕೇಳಿ ಹೆಜ್ಜೆ ಬದಲಿಸುತ್ತಾನೆ. 60 ಕಿ.ಮೀ. ವೇಗದಲ್ಲಿರುವವನು ಆ ಕೂಗನ್ನು ಕೇಳಲಾರ. ಕೇಳಿದರೂ ಒಂದು ಸೆಕೆಂಡು ಯೋಚಿಸುವಷ್ಟರಲ್ಲಿ ಹದಿನೇಳು ಮೀಟರು ಮುಂದೆ ಹೋಗಿರುತ್ತಾನೆ. ಈ ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿಸುವ ಪ್ರಸ್ತಾವವನ್ನು 2021ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಕೈಬಿಟ್ಟಿತ್ತು. ಹಲವರ ಛಲದಿಂದ ಅದು ಮತ್ತೆ ಮೇಲೆದ್ದು, 2024ರ ಅಕ್ಟೋಬರಿನಲ್ಲಿ 5,678 ಎಕರೆಗೆ ಮಂಡಳಿಯ ಒಪ್ಪಿಗೆ ಸಿಕ್ಕಿತು. ಸಂತೋಷವೇ. ಆದರೆ ಅಲ್ಲಿಂದ ಓಡಿಸಲ್ಪಟ್ಟ ಗಾಡಿ ಗುಜರಿಗೆ ಹೋಗುವುದಿಲ್ಲ. ಇಪ್ಪತ್ತು ಮೂವತ್ತು ಕಿಲೋಮೀಟರು ಆಚೆಯ, ಯಾವ ಮೀಸಲೂ ಅಲ್ಲದ, ಯಾವ ಪತ್ರಿಕೆಯಲ್ಲೂ ಹೆಸರು ಬರದ ಗೋಮಾಳಕ್ಕೆ ಹೋಗುತ್ತದೆ.

ಬೆಟ್ಟದ ಕಥೆ ನೀರಿನ ಕಥೆ. ನಮ್ಮ ನಾಲ್ಕು ತಾಲ್ಲೂಕುಗಳ ಬೆಟ್ಟಗಳು ಎತ್ತರದಲ್ಲಿ ಮಲೆನಾಡಿನವರ ನಗೆಗೆ ಗುರಿಯಾಗುವಂಥವು. ಆದರೂ ನಂದಿಯ ಸುತ್ತಿನಿಂದ ಅರ್ಕಾವತಿ ಹುಟ್ಟಿ ದೊಡ್ಡಬಳ್ಳಾಪುರದ ಕೆರೆಗಳನ್ನು ಹಾದು ಹೆಸರಘಟ್ಟಕ್ಕೂ ಅಲ್ಲಿಂದ ತಿಪ್ಪಗೊಂಡನಹಳ್ಳಿಗೂ ಇಳಿಯುತ್ತದೆ. ನೆಲಮಂಗಲದ ಶಿವಗಂಗೆಯಿಂದ ಕುಮುದ್ವತಿ ಹರಿದು ಅದನ್ನು ಕೂಡಿಕೊಳ್ಳುತ್ತದೆ. ಅದೇ ನಂದಿಯ ಕಡೆಯಿಂದ ದಕ್ಷಿಣ ಪಿನಾಕಿನಿ ಹೊಸಕೋಟೆಯ ದೊಡ್ಡಕೆರೆಗೆ ಬರುತ್ತದೆ. ಬರುತ್ತಿತ್ತು ಎನ್ನಬೇಕೋ ಏನೋ. ಈಚಿನ ವರ್ಷಗಳಲ್ಲಿ ಈ ನದಿಗಳು ನಕಾಶೆಯಲ್ಲಿ ಹರಿದಷ್ಟು ನೆಲದಲ್ಲಿ ಹರಿಯುತ್ತಿಲ್ಲ. ವರ್ಷಕ್ಕೆ ಸುಮಾರು 800 ಮಿಲಿಮೀಟರು ಮಳೆ ಬೀಳುವ ಸೀಮೆಯಿದು. ಆ ಮಳೆಯಲ್ಲಿ ಎಷ್ಟು ಇಂಗುತ್ತದೆ, ಎಷ್ಟು ಮಣ್ಣಿನೊಡನೆ ಓಡಿಹೋಗುತ್ತದೆ ಎಂಬುದು ಬಂಡೆಯ ಮೇಲಿನ ಒಂದೆರಡು ಅಡಿ ಮಣ್ಣು, ಅದರ ಮೇಲಿನ ಹುಲ್ಲಿನ ಬೇರು ತೀರ್ಮಾನಿಸುವ ಮಾತು.

ನಾವೇ ಕುಳಿತು ಒಂದು ಸಣ್ಣ ಲೆಕ್ಕ ಮಾಡಿದೆವು. ಒಂದು ಕಿಲೋಮೀಟರು ಉದ್ದದ ದಾರಿಯಲ್ಲಿ ಗಾಡಿಯ ಎರಡು ಜಾಡು, ಒಂದೊಂದೂ 25 ಸೆಂಟಿಮೀಟರು ಅಗಲ ಎಂದಿಟ್ಟುಕೊಂಡರೆ ಬರಿದಾಗುವ ನೆಲ 500 ಚದರ ಮೀಟರು. ಅಷ್ಟು ನೆಲದ ಮೇಲೆ ವರ್ಷಕ್ಕೆ ನಾಲ್ಕು ಲಕ್ಷ ಲೀಟರು ಮಳೆನೀರು ನೇರವಾಗಿ ಬೀಳುತ್ತದೆ, ಮೇಲಿನಿಂದ ಹರಿದುಬರುವುದು ಬೇರೆ. ಆ ಜಾಡಿನಿಂದ ಒಂದೇ ಒಂದು ಸೆಂಟಿಮೀಟರು ಮಣ್ಣು ತೊಳೆದುಹೋದರೂ ಐದು ಘನ ಮೀಟರು, ಅಂದರೆ ಸುಮಾರು ಏಳು ಟನ್. ನಾವು ನೋಡಿದ ಕೊರಕಲು ಒಂದು ಸೆಂಟಿಮೀಟರಿನದಲ್ಲ, ಮೊಣಕಾಲುದ್ದದ್ದು. ಆ ಮಣ್ಣು ಹೋಗಿ ಸೇರುವುದು ಕೆಳಗಿನ ಕಟ್ಟೆಗೆ. ಅದರ ಹೂಳೆತ್ತಲು ಪಂಚಾಯಿತಿ ಮುಂದೊಂದು ವರ್ಷ ಅಂದಾಜುಪಟ್ಟಿ ತಯಾರಿಸುತ್ತದೆ. ಹೂಳು ಎಲ್ಲಿಂದ ಬಂತೆಂದು ಆ ಪಟ್ಟಿಯಲ್ಲಿ ಬರೆಯುವ ಅಂಕಣವಿಲ್ಲ.

ಗಾಡಿ ತಯಾರಕರ ಪರವಾಗಿ ಹೇಳಬೇಕಾದ ಮಾತೊಂದಿದೆ, ಹೇಳಿಬಿಡುತ್ತೇವೆ. ಈ ಉಬ್ಬು ಟೈರುಗಳಲ್ಲಿ ಗಾಳಿಯ ಒತ್ತಡ ಬಹಳ ಕಡಿಮೆ. ಕಾರಿನ ಟೈರಿಗೆ 30 ಪಿ.ಎಸ್.ಐ.ಗೂ ಹೆಚ್ಚು ಬೇಕಾದರೆ ಇವಕ್ಕೆ ಐದಾರು ಸಾಕು. ನೆಲದ ಮೇಲೆ ಬೀಳುವ ಒತ್ತಡವನ್ನಷ್ಟೇ ಅಳೆದರೆ ಇದು ಹಸುವಿನ ಗೊರಸಿಗಿಂತ ಹಗುರ. ‘ನಿಮ್ಮ ದನಗಳೇ ಹೆಚ್ಚು ಹಾಳುಮಾಡುತ್ತವೆ’ ಎಂದು ಒಬ್ಬ ಗಾಡಿಪ್ರಿಯರು ನಮ್ಮೊಡನೆ ವಾದಿಸಿದ್ದುಂಟು. ಸಮತಟ್ಟಿನಲ್ಲಿ, ಒಣನೆಲದಲ್ಲಿ, ಮೆಲ್ಲಗೆ ಹೋಗುವಾಗ ಆ ವಾದ ಸುಳ್ಳಲ್ಲ. ಆದರೆ ನೆಲವನ್ನು ಕೆಡಿಸುವುದು ಕುಳಿತ ತೂಕವಲ್ಲ, ತಿರುಗುವ ಗಾಲಿಯ ಉಜ್ಜು. ಹಸು ಹೆಜ್ಜೆ ಇಡುತ್ತದೆ, ಎತ್ತುತ್ತದೆ. ಏರಿನಲ್ಲಿ ಹಿಡಿತ ತಪ್ಪಿದ ಗಾಲಿ ನಿಂತಲ್ಲೇ ಸುತ್ತಿ, ತನ್ನ ಗಟ್ಟಿ ಮುದ್ದೆಗಳಿಂದ ಬೇರನ್ನು ಕತ್ತರಿಸಿ ಮಣ್ಣನ್ನು ಹಿಂದಕ್ಕೆ ಎರಚುತ್ತದೆ. ಬಲ ಹೆಚ್ಚಿದಷ್ಟೂ ಎರಚು ಹೆಚ್ಚು. ತಿರುವಿನಲ್ಲಿ ಗಾಡಿಯನ್ನು ಹೊರಕ್ಕೆ ನೂಕುವ ಬಲವಾದರೋ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: 20 ಕಿ.ಮೀ. ವೇಗದಲ್ಲಿ ಇದ್ದದ್ದು 60 ಕಿ.ಮೀ. ಆದಾಗ ಒಂಬತ್ತು ಪಟ್ಟು. ಅಷ್ಟನ್ನೂ ತಡೆದು ನಿಲ್ಲಿಸಬೇಕಾದದ್ದು ಆ ತಿರುವಿನ ಹುಲ್ಲು.

ಹಾಗೆಯೇ ಸವಾರನನ್ನೂ. ಮುನ್ನೂರೈವತ್ತು, ನಾನೂರು ಕಿಲೋ ತೂಗುವ ಗಾಡಿ ಇಳಿಜಾರಿನಲ್ಲಿ ಮೈಮೇಲೆ ಮಗುಚಿದರೆ ಒಬ್ಬಿಬ್ಬರು ಎತ್ತಿ ಬಿಡಿಸಲಾರರು. ಒಬ್ಬರೇ ಕೂರಬೇಕಾದ ಗಾಡಿಯ ಹಿಂದೆ ಮಗುವನ್ನು ಕೂರಿಸಿಕೊಂಡು ಹೋಗುವ ತಂದೆಯರನ್ನು ನಾವು ಕಂಡಿದ್ದೇವೆ. ವಾರಾಂತ್ಯಕ್ಕೆ ಬಂದ ಅವರಲ್ಲಿ ದುರುದ್ದೇಶವೇನೂ ಇರಲಿಲ್ಲ, ತಿಳಿಸಿ ಹೇಳುವವರೂ ಇರಲಿಲ್ಲ.

ಈ ಗಾಡಿಗಳಿಂದ ಪ್ರಯೋಜನವೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಕಚ್ಛದ ಉಸುಬಿನಲ್ಲಿ ಗಡಿ ಭದ್ರತಾ ಪಡೆ ಇವನ್ನು ಬಳಸುತ್ತಿದೆ. ನಮ್ಮ ಬೆಟ್ಟಗಳಲ್ಲಿ ಬೇಸಿಗೆ ಬಂತೆಂದರೆ ಬಾದೆಹುಲ್ಲಿಗೆ ಬೆಂಕಿ ಬೀಳುತ್ತದೆ. ಅರಣ್ಯ ಕಾವಲುಗಾರ ಹಸಿಸೊಪ್ಪು ಹಿಡಿದು ನಡೆದೇ ಹೋಗಬೇಕು. ಬೆನ್ನಿನ ಮೇಲೆ ಹದಿನಾರು ಲೀಟರಿನ ಔಷಧಿ ಸಿಂಪಡಿಸುವ ಕ್ಯಾನು ಇದ್ದರೆ ಅದೇ ಭಾಗ್ಯ. ಬೆಂಕಿರೇಖೆಯ ಮೇಲೆ ನೂರು ಲೀಟರು ನೀರನ್ನು ಹೊತ್ತು ಹತ್ತು ಕಿ.ಮೀ. ವೇಗದಲ್ಲಿ ಹೋಗಬಲ್ಲ ಗಾಡಿಯೊಂದು ಅವನಿಗೆ ಸಿಕ್ಕರೆ ನಾವು ಮೊದಲು ಚಪ್ಪಾಳೆ ತಟ್ಟುವವರು. ಬಿದ್ದು ಕಾಲು ಮುರಿದುಕೊಂಡ ಚಾರಣಿಗನನ್ನು ಇಳಿಸಲು, ಗುಡ್ಡದ ಮೇಲಿನ ದೇವಸ್ಥಾನಕ್ಕೆ ನೀರು ಸಾಗಿಸಲು, ರಸ್ತೆಯಿಲ್ಲದ ತೋಟಕ್ಕೆ ಗೊಬ್ಬರ ಒಯ್ಯಲು ಇವು ಆಗುತ್ತವೆ. ಆದರೆ ಈ ಯಾವ ಕೆಲಸಕ್ಕೂ 90 ಅಶ್ವಶಕ್ತಿ ಬೇಡ. ಹೊರೆ ಎಷ್ಟು ಹೊರುತ್ತದೆ, ಎಷ್ಟು ನಿಧಾನವಾಗಿ ಹೋಗಬಲ್ಲದು, ಗಾಲಿ ಸುತ್ತದಂತೆ ಎಷ್ಟು ಹಿಡಿತದಿಂದ ಏರುತ್ತದೆ ಎಂಬುದೇ ಅಳತೆಯಾದರೆ ಆ ಹೋಲಿಕೆಯ ಪಟ್ಟಿಯಲ್ಲಿ ತಳದಲ್ಲಿರುವ ಸಣ್ಣ ಎಂಜಿನ್ನಿನ ಗಾಡಿಗಳು ಮೇಲಕ್ಕೆ ಬರುತ್ತವೆ. ನಮ್ಮ ಕಡೆಯ ರೈತ ಟಿಲ್ಲರ್ ಕೊಳ್ಳುವಾಗ ಅದು ಗಂಟೆಗೆ ಎಷ್ಟು ಕಿಲೋಮೀಟರು ಓಡುತ್ತದೆಂದು ಕೇಳಿದ್ದನ್ನು ಯಾರಾದರೂ ಕಂಡಿದ್ದೀರಾ?

ಇನ್ನೊಂದು ಆಕ್ಷೇಪವೂ ಬರುತ್ತದೆ, ನಮ್ಮವರಿಂದಲೇ. ಕಲ್ಲುಗಣಿಗಳು ಬೆಟ್ಟವನ್ನೇ ನುಂಗುತ್ತಿರುವಾಗ, ವಿಮಾನ ನಿಲ್ದಾಣದ ಸುತ್ತ ಊರಿಗೆ ಊರೇ ನಿವೇಶನವಾಗುತ್ತಿರುವಾಗ ಗಾಲಿಯ ಜಾಡು ಯಾವ ಲೆಕ್ಕವೆಂದು. 2025ರ ಜುಲೈಯಲ್ಲಿ ನಂದಿಬೆಟ್ಟದ ಮೇಲೆಯೇ ಸೇರಿದ ಸಚಿವ ಸಂಪುಟ ನಮ್ಮ ಜಿಲ್ಲೆಗೆ ಬೆಂಗಳೂರು ಉತ್ತರವೆಂದು ಹೆಸರಿಡಲು ತೀರ್ಮಾನಿಸಿತಲ್ಲ, ‘ಗ್ರಾಮಾಂತರ’ವೆಂಬ ಮಾತೇ ಭಾರವಾಗಿರುವ ಕಾಲವಿದು. ಆಕ್ಷೇಪ ನ್ಯಾಯವಾದದ್ದೇ. ಆದರೆ ಗಣಿಗೆ ಗುತ್ತಿಗೆಪತ್ರವಿದೆ, ಎಲ್ಲೆಕಲ್ಲು ಇದೆ. ಮೀರಿದರೆ ಮೀರಿದ್ದಾರೆಂದು ತೋರಿಸಲು ಕಾಗದವಿದೆ. ನಿವೇಶನಕ್ಕೆ ಪರಿವರ್ತನೆಯ ಆದೇಶ ಬೇಕು. ಗಾಲಿಯ ಜಾಡಿಗೆ ಯಾವ ಕಾಗದವೂ ಇಲ್ಲ. ಅದಕ್ಕೆ ಅನುಮತಿ ಕೇಳಿದವರಿಲ್ಲ, ಕೊಟ್ಟವರಿಲ್ಲ, ಆದ್ದರಿಂದ ಮೀರಿದವರೂ ಇಲ್ಲ. 2021ರ ಆಗಸ್ಟ್ 24ರ ರಾತ್ರಿ ಒಂದೇ ಜಡಿಮಳೆಗೆ ನಂದಿಯ ರಸ್ತೆಯ ಮೇಲೆ ಗುಡ್ಡ ಜಾರಿಬಿದ್ದದ್ದನ್ನು ನೆನೆಯಿರಿ. ಅದಕ್ಕೂ ಗಾಡಿಗಳಿಗೂ ಸಂಬಂಧ ಕಲ್ಪಿಸುವುದು ನಮ್ಮ ಉದ್ದೇಶವಲ್ಲ. ಬಂಡೆಯ ಮೇಲೆ ಮಣ್ಣು ಎಷ್ಟು ಸಡಿಲವಾಗಿ ಕುಳಿತಿದೆಯೆಂಬುದನ್ನು ಆ ರಾತ್ರಿ ತೋರಿಸಿತು, ಅಷ್ಟೆ.

ಕಾನೂನಿನ ವಿಚಿತ್ರವನ್ನೂ ನೋಡಿ. ಮಾಕಳಿದುರ್ಗವನ್ನು ಕಾಲ್ನಡಿಗೆಯಲ್ಲಿ ಹತ್ತುವವರು ಅರಣ್ಯ ಇಲಾಖೆಯ ವ್ಯವಸ್ಥೆಯಲ್ಲಿ ಮುಂಗಡ ನೋಂದಾಯಿಸಿ ಶುಲ್ಕ ಕಟ್ಟಬೇಕು. ಕಾದಿಟ್ಟ ಅರಣ್ಯದಲ್ಲಿ ಅನುಮತಿಯಿಲ್ಲದೆ ಗಾಡಿ ನುಗ್ಗಿಸಿದರೆ 1963ರ ಕರ್ನಾಟಕ ಅರಣ್ಯ ಕಾಯಿದೆಯಡಿ ಮೊಕದ್ದಮೆ ಹೂಡಬಹುದು. ಸರಿ. ಆದರೆ ಅರಣ್ಯದ ಗಡಿಯಿಂದ ನೂರು ಹೆಜ್ಜೆ ಈಚೆಯ ಗೋಮಾಳದಲ್ಲಿ ನಾನೂರು ಕಿಲೋ ಗಾಡಿಗೆ ಯಾರ ಅಪ್ಪಣೆಯೂ ಬೇಡ. ಭೂಕಂದಾಯ ಕಾಯಿದೆಯ 71ನೆಯ ಪ್ರಕರಣ ದನಕರುಗಳ ಮೇವಿಗೆಂದು ಕಾದಿಟ್ಟ ಭೂಮಿಯಿದು. ನೂರು ಜಾನುವಾರಿಗೆ 12 ಹೆಕ್ಟೇರ್ ಇರಬೇಕೆಂದು ನಿಯಮ ಹೇಳುತ್ತದೆ. ಒತ್ತುವರಿಯಾದರೆ ಶಿಕ್ಷೆಯಿದೆ. ಗಾಡಿ ಒತ್ತುವರಿ ಮಾಡುವುದಿಲ್ಲ, ಬಂದು ಹೋಗುತ್ತದೆ. ಬಂದು ಹೋಗುವುದನ್ನು ಅಪರಾಧವೆಂದು ಕರೆಯಲು ನಮ್ಮ ಕಂದಾಯ ಭಾಷೆಯಲ್ಲಿ ಪದವಿಲ್ಲ.

ಈ ತೊಡಕನ್ನು ಈ ಗಾಡಿಗಳ ತವರಿನಲ್ಲಿಯೇ ಐವತ್ತು ವರ್ಷಗಳ ಹಿಂದೆ ಎದುರಿಸಿದ್ದರು. 1972ರ ಫೆಬ್ರವರಿಯಲ್ಲಿ ಅಧ್ಯಕ್ಷ ನಿಕ್ಸನ್ ಹೊರಡಿಸಿದ ಆದೇಶವೊಂದು, ಸಾರ್ವಜನಿಕ ಭೂಮಿಯಲ್ಲಿ ಇಂಥ ಗಾಡಿಗಳು ಎಲ್ಲಿ ಓಡಬಹುದು, ಎಲ್ಲಿ ಓಡಬಾರದು ಎಂಬುದನ್ನು ಆಯಾ ಇಲಾಖೆಯೇ ಗುರುತಿಸಬೇಕೆಂದು ವಿಧಿಸಿತು. ಗುರುತಿಸುವಾಗ ಮಣ್ಣು, ಜಲಾನಯನ, ಗಿಡಗಂಟಿಗಳಿಗೆ ಆಗುವ ಹಾನಿ, ಪ್ರಾಣಿಗಳಿಗೆ ಆಗುವ ಕಿರುಕುಳ, ಅದೇ ನೆಲವನ್ನು ಬಳಸುವ ಬೇರೆಯವರೊಡನೆ ಬರುವ ಘರ್ಷಣೆ ಇವನ್ನು ಕನಿಷ್ಠಗೊಳಿಸಬೇಕೆಂದಿತು. 1977ರಲ್ಲಿ ಕಾರ್ಟರ್ ಅದನ್ನು ಬಿಗಿಗೊಳಿಸಿ, ಹಾನಿ ಕಂಡ ಕೂಡಲೇ ಆ ಜಾಗವನ್ನು ಮುಚ್ಚಬೇಕೆಂದರು. ಅಲ್ಲಿ ಎಲ್ಲವೂ ಸರಿಯಾಗಿ ಪಾಲನೆಯಾಯಿತೆಂದಲ್ಲ, ಇಂದಿಗೂ ವ್ಯಾಜ್ಯಗಳು ನಡೆಯುತ್ತಿವೆ. ಆದರೆ ಅಲ್ಲಿ ಪ್ರಶ್ನೆಯನ್ನು ಗಾಡಿಗೆ ಕೇಳಲಿಲ್ಲ, ದಾರಿಗೆ ಕೇಳಿದರು. ದಾರಿ ಎಷ್ಟನ್ನು ತಾಳುತ್ತದೆಂಬುದು ಅಳತೆಯಾಯಿತು.

ನಮ್ಮಲ್ಲಿ ಆ ಕೆಲಸವನ್ನು ಯಾರು ಮಾಡಬೇಕು? 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ದಾಖಲಾತಿ ಪುಸ್ತಕ ಬರೆಯಬೇಕು. ಬಹಳ ಕಡೆ ಸಮಿತಿ ಕಾಗದದಲ್ಲಿದೆ, ಪುಸ್ತಕ ಬೀರುವಿನಲ್ಲಿದೆ. ಆ ಪುಸ್ತಕದಲ್ಲಿ ಗಿಡಮರಗಳ ಹೆಸರಿನ ಜೊತೆಗೆ ಊರಿನ ಬಂಡಿದಾರಿ, ಕಾಲುದಾರಿ, ಕುರಿದಾರಿಗಳನ್ನೂ ಸೇರಿಸಲು ಯಾವ ಅಡ್ಡಿಯೂ ಇಲ್ಲ. ಯಾವುದರಲ್ಲಿ ಗಾಡಿ ಹೋಗಬಹುದು, ಯಾವ ತಿಂಗಳಲ್ಲಿ ಹೋಗಬಾರದು, ಎಲ್ಲಿ ಎಂದಿಗೂ ಹೋಗಕೂಡದು ಎಂದು ಗ್ರಾಮಸಭೆ ಬರೆದಿಟ್ಟರೆ ಮುಂದೆ ಯಾರಾದರೂ ‘ಇಲ್ಲಿ ಹೋಗಬಾರದೆಂದು ಎಲ್ಲಿ ಬರೆದಿದೆ?’ ಎಂದಾಗ ತೋರಿಸಲು ಒಂದು ಪುಟವಾದರೂ ಇರುತ್ತದೆ. ಅರ್ಕಾವತಿಯ ಮೇಲ್ಭಾಗಕ್ಕಂತೂ ಇನ್ನೊಂದು ಆಧಾರವೂ ಇದೆ. 2003ರ ನವೆಂಬರಿನಲ್ಲಿ ಸರ್ಕಾರ ತಿಪ್ಪಗೊಂಡನಹಳ್ಳಿಯ ಜಲಾನಯನವನ್ನು ವಲಯಗಳಾಗಿ ವಿಂಗಡಿಸಿ ರಕ್ಷಣೆಯ ಆದೇಶ ಹೊರಡಿಸಿತ್ತು. ಕಾರ್ಖಾನೆ, ಬಡಾವಣೆಗಳನ್ನು ಕುರಿತು ಅದು ಮಾತಾಡಿತು. ಇಳಿಜಾರಿನ ಮಣ್ಣನ್ನು ಕುರಿತೂ ಮಾತಾಡಬೇಕೆಂದು ಕೇಳುವ ಹಕ್ಕು ನಮಗಿದೆ.

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಈ ವಿಷಯವನ್ನು ಬಳಗದ ಸಭೆಯಲ್ಲಿಟ್ಟಾಗ ಹಳೆಯ ಸದಸ್ಯರೊಬ್ಬರು ಎದ್ದು ನಿಂತು, ಕೆಲವು ವರ್ಷಗಳ ಹಿಂದೆ ನಾವೇ ಸಸಿ ನೆಡುವ ದಿನ ಟ್ರ್ಯಾಕ್ಟರನ್ನು ಇಳಿಜಾರಿಗೆ ನೇರವಾಗಿ ಹತ್ತಿಸಿದ್ದನ್ನು ನೆನಪಿಸಿದರು. ಮಳೆ ಬರುತ್ತದೆಂಬ ಅವಸರ, ಸಸಿ ಹೊರಲು ಕೈ ಸಾಲದು ಎಂಬ ನೆಪ. ನೆಟ್ಟ ಸಸಿಗಳಲ್ಲಿ ಬದುಕಿದ್ದು ಕಾಲುಭಾಗ. ಟ್ರ್ಯಾಕ್ಟರಿನ ಜಾಡು ಮಾತ್ರ ಇಂದಿಗೂ ಬದುಕಿದೆ, ಮಳೆಗಾಲದಲ್ಲಿ ಪುಟ್ಟ ಹಳ್ಳವೇ ಆಗುತ್ತದೆ. ಈ ಬೇಸಿಗೆಯಲ್ಲಿ ಅದಕ್ಕೆ ಅಡ್ಡಲಾಗಿ ಕಲ್ಲುಕಟ್ಟು ಹಾಕಲು ತೀರ್ಮಾನಿಸಿದ್ದೇವೆ. ಇತರರ ಜಾಡುಗಳನ್ನು ಅಳೆಯಲು ಹೊರಡುವ ಮುನ್ನ ಅದನ್ನೂ ಅಳೆದು ಪಟ್ಟಿಯ ಮೊದಲ ಸಾಲಿನಲ್ಲಿ ಬರೆದಿದ್ದೇವೆ: ಉದ್ದ 140 ಹೆಜ್ಜೆ, ಆಳ ಒಂದು ಮೊಳ.

ನಮ್ಮ ಊರಿನ ಹುಡುಗರು ಈ ಗಾಡಿಗಳ ತಾಣಗಳಲ್ಲಿ ಕೆಲಸಕ್ಕಿದ್ದಾರೆ, ಅದೂ ನಮಗೆ ಗೊತ್ತು. ಅವರ ಕೂಲಿ ನಿಲ್ಲಬೇಕೆಂಬುದು ನಮ್ಮ ಬೇಡಿಕೆಯಲ್ಲ. ತಮ್ಮ ಸ್ವಂತ ಜಮೀನಿನಲ್ಲಿ, ಮಣ್ಣು ಹೊರಗೆ ಹರಿಯದಂತೆ ಬದು ಹಾಕಿ, ಬೇಲಿಯೊಳಗೆ ಓಡಿಸಿಕೊಳ್ಳುವವರೊಡನೆ ನಮಗೆ ಜಗಳವಿಲ್ಲ. ಅಂಥ ತಾಣವೊಂದಕ್ಕೆ ಹಿಂದಿನ ವರ್ಷ ಪತ್ರ ಬರೆದು, ಬೇಲಿಯ ಹಿಂಬಾಗಿಲನ್ನು ಮುಚ್ಚುವಿರಾ ಎಂದು ಕೇಳಿದ್ದೆವು. ಉತ್ತರ ಬರಲಿಲ್ಲ. ಈಚೆಗೆ ನೋಡಿದಾಗ ಹಿಂಬಾಗಿಲಿಗೆ ಸರಪಳಿ ಬಿದ್ದಿತ್ತು. ನಮ್ಮ ಪತ್ರಕ್ಕೋ, ಒಳಗೆ ನುಗ್ಗುತ್ತಿದ್ದ ದನಗಳಿಗೋ ತಿಳಿಯದು. ಏನಾದರಾಗಲಿ, ಸರಪಳಿ ಹಾಕಿದವರಿಗೆ ವಂದನೆ.

ಮಾಗಿಯ ಮೊದಲ ಮೂರು ಭಾನುವಾರ ಬಳಗವು ಘಾಟಿಯ ಸುತ್ತಿನ ಹಳ್ಳಿಗಳ ದಾರಿಗಳನ್ನು ನಡೆದು ಗುರುತಿಸಲಿದೆ. ಆಮೇಲೆ ಶಿವಗಂಗೆಯ ಕಡೆ. ಬೆಳಗ್ಗೆ ಏಳಕ್ಕೆ ಹೊರಟು ಬಿಸಿಲೇರುವ ಮುನ್ನ ಹಿಂದಿರುಗುತ್ತೇವೆ. ಬರುವವರು ತಮ್ಮ ಊರಿನ ಹಿರಿಯ ಕುರಿಗಾಹಿಯೊಬ್ಬರನ್ನಾದರೂ ಕರೆತಂದರೆ ದೊಡ್ಡ ಉಪಕಾರ. ಗ್ರಾಮನಕಾಶೆಯ ಪ್ರತಿ ತಾಲ್ಲೂಕು ಕಚೇರಿಯ ಭೂಮಾಪನ ವಿಭಾಗದಲ್ಲಿ ಸಿಗುತ್ತದೆ, ಅದನ್ನೂ ತನ್ನಿ. ಅಳತೆಪಟ್ಟಿ, ಬುತ್ತಿ ನಮ್ಮ ಕಡೆಯಿಂದ.